ಅಕ್ಕನೂ ಎರಡು ಪೆಟ್ಟಿಗೆಗಳೂ

ನಮ್ಮ ನಡುಮನೆಯಲ್ಲಿ ಈಗ ಸೊಂಟಕ್ಕಿಂತ ಎತ್ತರವಾದ ಎರಡು ಮರದ ಪೆಟ್ಟಿಗೆಗಳು ನಿಂತಿವೆ. ಮೊನ್ನೆ ಬಂದಿದ್ದ ಹಿರಿಯರೊಬ್ಬರು ತಮ್ಮ ಒದ್ದೆ ಕೊಡೆಯನ್ನು ಅವುಗಳಲ್ಲಿ ಒಂದಕ್ಕೆ ಒರಗಿಸಿ, "ಬೀರು ಲಕ್ಷಣವಾಗಿದೆ, ಬಾಗಿಲು ಯಾವ ಕಡೆಗೆ?" ಎಂದು ಕೇಳಿದರು. ಬೀರುವಲ್ಲ, ಸಂಗೀತ ಕೇಳುವ ಸ್ಪೀಕರು ಎಂದು ತಿಳಿಸಿದಾಗ ಅವರಿಗೆ ಮತ್ತಷ್ಟು ಆಶ್ಚರ್ಯವಾಯಿತು. "ಈಗ ಅಂಗೈಯಗಲದ ಡಬ್ಬಿಯೇ ಬೀದಿಗೆಲ್ಲ ಕೇಳುವ ಹಾಗೆ ಹಾಡುತ್ತದಲ್ಲ ಸ್ವಾಮಿ! ಇಷ್ಟು ದೊಡ್ಡದು ಏತಕ್ಕೆ?" ಎಂದರು. ನ್ಯಾಯವಾದ ಪ್ರಶ್ನೆಯೇ. ಆದರೆ ಕಾಫಿ ಆರುವುದರೊಳಗೆ ಕೊಡಬಹುದಾದ ಉತ್ತರ ಅದಕ್ಕೆ ಇರಲಿಲ್ಲ. ಅಂದು ಹೇಳಲಾಗದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಕ್ಕ ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು; ಎಪ್ಪತ್ತೆಂಟು ತುಂಬಿದೆ. ನಲವತ್ತು ವರ್ಷ ಮೈಸೂರಿನಲ್ಲಿ ಮಕ್ಕಳಿಗೆ ವೀಣೆ ಹೇಳಿಕೊಟ್ಟವಳು. ಐದಾರು ವರ್ಷಗಳ ಹಿಂದೆ ಅವಳ ಬೆರಳ ಗೆಣ್ಣುಗಳು ಬಾತುಕೊಂಡು, ತಂತಿಯನ್ನು ಎಳೆಯುವುದಿರಲಿ, ಒತ್ತುವುದೇ ಕಷ್ಟವಾಯಿತು. ವೀಣೆಯನ್ನು ಒಬ್ಬ ಶಿಷ್ಯೆಗೆ ಕೊಟ್ಟುಬಿಟ್ಟಳು. ಭಾವನವರು ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದಳು. ಬರುವಾಗ ಒಂದು ಟ್ರಂಕು, ಒಂದು ದೇವರ ಪೆಟ್ಟಿಗೆ ತಂದಳೇ ಹೊರತು ಸಂಗೀತದ ಮಾತನ್ನು ತರಲಿಲ್ಲ. ಕಚೇರಿಗೆ ಕರೆದರೆ ಮಂಡಿನೋವು. ಕಿವಿಯೂ ಸ್ವಲ್ಪ ಮಂದವಾಗಿತ್ತು. ನಾನು ಫೋನಿನಲ್ಲಿ ವೀಣೆ ಹಾಕಿ ಪಕ್ಕದಲ್ಲಿಟ್ಟರೆ, "ಸೊಳ್ಳೆ ಹಾಡಿದ ಹಾಗಿದೆ, ನಿಲ್ಲಿಸೋ" ಎನ್ನುವಳು.

ಅದು ಬೇಸರದ ಮಾತೆಂದು ನಾನು ತಿಳಿದಿದ್ದೆ. ಆಮೇಲೆ ನೋಡಿದರೆ ಅದು ಶಾಸ್ತ್ರದ ಮಾತು. ಅಕ್ಕನ ವೀಣೆಯ ಶ್ರುತಿ ಮೂರು ಮನೆ. ಅದರಲ್ಲಿ ಸಾರಣಿಯ ಷಡ್ಜ ಕ್ಷಣಕ್ಕೆ ಸುಮಾರು 165 ಸಲ ಕಂಪಿಸುತ್ತದೆ. ಮಂದ್ರ ಷಡ್ಜ 82 ಸಲ. ಅನುಮಂದ್ರ ತಂತಿಯ ಪಂಚಮ 62 ಸಲ. ಗುಂಡಿಯಷ್ಟಗಲದ ಫೋನಿನ ಸ್ಪೀಕರು ಅಷ್ಟು ತಗ್ಗಿನ ಕಂಪನಗಳನ್ನು ಕೇಳುವಷ್ಟು ಬಲದಿಂದ ಹೊರಡಿಸಲಾರದು. ಉಳಿಯುವುದು ಮೇಲುಮೇಲಿನ ಝೇಂಕಾರ ಮಾತ್ರ. ಸೊಳ್ಳೆಯೇ ಸರಿ.

ನನ್ನ ಬಳಿ ಇಪ್ಪತ್ತು ವರ್ಷದ ಹಿಂದೆ ಕೊಂಡ ಸ್ಟೀರಿಯೊ ಆಂಪ್ಲಿಫೈಯರೊಂದಿತ್ತು. ಕಡೆಯೊಂದಕ್ಕೆ 40 ವ್ಯಾಟಿನದು. ಅದರ ಜೊತೆಗಿದ್ದ ಚಿಕ್ಕ ಸ್ಪೀಕರುಗಳ ಸುತ್ತಂಚಿನ ಸ್ಪಂಜು ಕಾಲಕ್ರಮದಲ್ಲಿ ಪುಡಿಪುಡಿಯಾಗಿ ಉದುರಿಹೋಗಿತ್ತು. ಆಂಪ್ಲಿಫೈಯರು ಮಾತ್ರ ಗಟ್ಟಿಮುಟ್ಟಾಗಿತ್ತು. ಅದಕ್ಕೆ ನೆಲದ ಮೇಲೆ ನಿಲ್ಲುವಂಥ ದೊಡ್ಡ ಸ್ಪೀಕರುಗಳನ್ನು ಜೋಡಿಸಿ, ಅಕ್ಕನನ್ನು ಎದುರಿಗೆ ಕೂರಿಸಿ, ವೀಣೆ ಕೇಳಿಸಬೇಕೆಂಬ ಆಸೆ ಹುಟ್ಟಿತು. ದೊಡ್ಡದೇ ಏತಕ್ಕೆ ಎಂದರೆ, ಪೆಟ್ಟಿಗೆ ಚಿಕ್ಕದಾಗಿರುವುದು, ಮಂದ್ರ ಆಳವಾಗಿರುವುದು, ಸ್ವಲ್ಪ ವಿದ್ಯುತ್ತಿಗೆ ಹೆಚ್ಚು ಧ್ವನಿ ಬರುವುದು, ಈ ಮೂರೂ ಒಂದೇ ಕಡೆ ಸಿಕ್ಕುವುದಿಲ್ಲ. ಯಾವುದಾದರೂ ಎರಡನ್ನು ಬೇಡಿ ಮೂರನೆಯದನ್ನು ಬಿಡಬೇಕು. ಆಂಪ್ಲಿಫೈಯರು ಬಡವಾಗಿದ್ದುದರಿಂದ ನಾನು ಬಿಡಬೇಕಾದುದು ಚಿಕ್ಕತನವನ್ನು. ಇಷ್ಟು ಈಗ ತಿಳಿದಿದೆ. ಆಗ ದೊಡ್ಡದು ಒಳ್ಳೆಯದೆಂಬುದರ ಹೊರತು ಬೇರೇನೂ ತಿಳಿದಿರಲಿಲ್ಲ.

ಮಾಳಿಗೆಯ ರಿಪೇರಿಗೆಂದು ಕೂಡಿಟ್ಟಿದ್ದ ಹಣವನ್ನು ತೆಗೆದುಕೊಂಡು ಬೆಂಗಳೂರಿನ ಒಂದು ದೊಡ್ಡ ಅಂಗಡಿಗೆ ಹೋದೆ. ನೆಲಕ್ಕೆಲ್ಲ ದಪ್ಪ ರತ್ನಗಂಬಳಿ. ನಮ್ಮ ಇಡೀ ಮನೆ ಹಿಡಿಸುವಷ್ಟು ದೊಡ್ಡ ಕೋಣೆ. ಒಲೆಯಷ್ಟು ದಪ್ಪದ ಆಂಪ್ಲಿಫೈಯರು. ಅಲ್ಲಿ ಒಂದು ಜೋಡಿಯನ್ನು ಹಾಡಿಸಿದರು. ಒಂದೊಂದರಲ್ಲಿಯೂ ಮಂದ್ರಕ್ಕಾಗಿಯೇ ಮೂರು ದೊಡ್ಡ ಕೋನುಗಳು. ಹಾಡಿಸಿದುದು ಯಾವುದೋ ಸಿನಿಮಾದ ಗುಡುಗು. ನನ್ನ ಎದೆ ನಡುಗಿತು, ಹಣ ಹೊರಗೆ ಬಂತು. ಹಿಂಭಾಗದಲ್ಲಿ 200 ವ್ಯಾಟ್ ಎಂದು ಬರೆದಿತ್ತು. ನನ್ನ 40ಕ್ಕೆ ಇದು 200 ಸೇರಿಸುತ್ತದೆಂದು, ವಾಚಕರು ನಗಬಹುದು, ನಾನು ನಿಜವಾಗಿಯೂ ನಂಬಿದ್ದೆ. ಆ ಅಂಕಿ ಸ್ಪೀಕರು ಕೊಡುವ ಶಕ್ತಿಯದಲ್ಲ, ತಾಳಿಕೊಳ್ಳುವ ಶಕ್ತಿಯದು. ಹಂಡೆಗೆ ಇಪ್ಪತ್ತು ಕೊಡ ಹಿಡಿಸುತ್ತದೆ ಎಂದಮಾತ್ರಕ್ಕೆ ಬಾವಿಯಲ್ಲಿ ನೀರು ಹೆಚ್ಚುತ್ತದೆಯೇ?

ಪೆಟ್ಟಿಗೆಗಳು ಬಂದ ದಿನ ನನ್ನ ಹೆಂಡತಿ ಒಂದೇ ಮಾತು ಹೇಳಿದಳು: "ಕಸ ಗುಡಿಸುವುದಕ್ಕೆ ಅಡ್ಡವಾಗದ ಹಾಗೆ ಮೂಲೆಗೆ ತಳ್ಳಿಬಿಡಿ." ತಳ್ಳಿದೆ. ಆಂಪ್ಲಿಫೈಯರನ್ನು ಗೋಡೆಯ ಗೂಡಿನೊಳಗೆ ಇಟ್ಟೆ. ದೀಪ ಹಚ್ಚಿದ ಮೇಲೆ ಅಕ್ಕನನ್ನು ಕರೆದು ಕುರ್ಚಿಯಲ್ಲಿ ಕೂರಿಸಿ ಒಂದು ತೋಡಿಯ ಆಲಾಪನೆ ಹಾಕಿದೆ. ಅವಳ ಕಿವಿಗೆ ಸಾಲದೆಂದು ಧ್ವನಿಯನ್ನು ಸಾಕಷ್ಟು ಏರಿಸಿದೆ. ಅಕ್ಕ ಎರಡು ನಿಮಿಷ ತಲೆ ತಗ್ಗಿಸಿ ಕೇಳಿದಳು. ಆಮೇಲೆ, "ತಂತಿ ಎಲ್ಲೋ? ಬರೀ ಬುರುಡೆಯೇ ಕೇಳುತ್ತಿದೆಯಲ್ಲೋ!" ಎಂದಳು. ನಾನು ಉತ್ತರ ಹುಡುಕುತ್ತಿರುವಷ್ಟರಲ್ಲಿಯೇ ಗೂಡಿನೊಳಗೆ 'ಟಕ್' ಎಂದಿತು, ಸಂಗೀತ ನಿಂತಿತು. ಮುಟ್ಟಿ ನೋಡಿದರೆ ಆಂಪ್ಲಿಫೈಯರು ದೋಸೆಯ ಹೆಂಚಿನಂತೆ ಕಾದಿತ್ತು. ಆರಿಸಿ, ಬೀಸಣಿಗೆಯಿಂದ ಗಾಳಿ ಹಾಕಿ, ಮತ್ತೆ ಹಚ್ಚಿದೆ. ಹತ್ತು ನಿಮಿಷಕ್ಕೆ ಮತ್ತೆ 'ಟಕ್'. ಮೂರನೆಯ ಸಲ ಅಕ್ಕ ಎದ್ದು, "ಹೋಗಲಿ ಬಿಡು, ನನಗೋಸ್ಕರ ಯಾಕೆ ಇಷ್ಟೆಲ್ಲ" ಎಂದು ಒಳಗೆ ಹೋದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಣ ಹೋಯಿತೆಂಬುದಕ್ಕಿಂತ, ಇನ್ನು ಅವಳನ್ನು ಎರಡನೆಯ ಸಲ ಆ ಕುರ್ಚಿಯಲ್ಲಿ ಕೂರಿಸುವುದು ಹೇಗೆ ಎಂಬ ಚಿಂತೆಯೇ ಹೆಚ್ಚಾಗಿತ್ತು.

ಅಂಗಡಿಯವರನ್ನು ಕೇಳಿದರೆ, "ಸ್ಪೀಕರಿನಲ್ಲಿ ದೋಷವಿಲ್ಲ. ಅದಕ್ಕೆ ತಕ್ಕ ಆಂಪ್ಲಿಫೈಯರು ಕೊಂಡುಕೊಳ್ಳಿ" ಎಂದರು, ಅದರ ಬೆಲೆ ಸ್ಪೀಕರಿನ ಬೆಲೆಗಿಂತಲೂ ಮೇಲು. ಜೋಡು ಬಿಗಿಯಾಯಿತು ಎಂದವನಿಗೆ ಬೇರೆ ಕಾಲು ತೆಗೆದುಕೊಳ್ಳಿ ಎಂದ ಹಾಗಾಯಿತು. ಆದರೆ ಸ್ಪೀಕರಿನಲ್ಲಿ ದೋಷವಿಲ್ಲವೆಂಬುದು ನಿಜ. ಆಂಪ್ಲಿಫೈಯರಿನಲ್ಲಿಯೂ ದೋಷವಿರಲಿಲ್ಲ. ಇಬ್ಬರೂ ಒಳ್ಳೆಯವರೇ; ಜಾತಕ ನೋಡದೆ ಮದುವೆ ಮಾಡಿದವನು ನಾನು.

ಜಾತಕ ನೋಡುವುದನ್ನು ಕಲಿಸಿದವರು ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ನೆರೆಯ ಮಿತ್ರರು. ಅವರು ಮೊದಲು ಆಂಪ್ಲಿಫೈಯರಿನ ಬೆನ್ನನ್ನು ನನ್ನ ಕಡೆಗೆ ತಿರುಗಿಸಿ, "ಇಪ್ಪತ್ತು ವರ್ಷದಲ್ಲಿ ಇದನ್ನು ಒಂದು ದಿನವಾದರೂ ಓದಿದ್ದೀರಾ?" ಎಂದು ಕೇಳಿದರು. ತಂತಿ ಸಿಕ್ಕಿಸುವ ಕಡೆಯಲ್ಲಿ ಸಣ್ಣ ಅಕ್ಷರದಲ್ಲಿ '6ರಿಂದ 16 ಓಮ್' ಎಂದಿತ್ತು. ಸ್ಪೀಕರಿನ ಬೆನ್ನಿನಲ್ಲಿದ್ದುದು 4 ಓಮ್. ಓಮ್ ಎಂಬುದು ಸ್ಪೀಕರು ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ. ತಡೆ ಕಡಿಮೆಯಾದಷ್ಟೂ ಆಂಪ್ಲಿಫೈಯರಿನಿಂದ ಪ್ರವಾಹ ಹೆಚ್ಚು ಹರಿಯುತ್ತದೆ. 8 ಓಮಿನ ಕಡೆ ಹರಿಯುವುದರ ಎರಡರಷ್ಟು 4 ಓಮಿನ ಕಡೆ ಹರಿಯುತ್ತದೆ. ಹೆಚ್ಚು ಹರಿದಷ್ಟೂ ಕಾವು ಹೆಚ್ಚು. ಕಾವು ಮಿತಿ ಮೀರಿದಾಗ ಒಳಗಿನ ರಕ್ಷಕ ತಾನಾಗಿ ತಂತಿಯನ್ನು ಕಡಿದುಹಾಕುತ್ತದೆ. ನಾನು ಕೇಳಿದ 'ಟಕ್' ಅದು. ಗೂಡಿನೊಳಗೆ ಗಾಳಿಯಾಡದಂತೆ ಇಟ್ಟಿದ್ದುದು ನನ್ನ ಎರಡನೆಯ ಜಾಣತನ.

ಅಷ್ಟಕ್ಕೂ ಬರೆದಿರುವ ಓಮ್ ಎಂಬುದು ಒಂದು ನಾಮಧೇಯ ಮಾತ್ರವಂತೆ. ತಡೆ ಪ್ರತಿ ಸ್ವರಕ್ಕೂ ಬೇರೆಬೇರೆಯಾಗಿರುತ್ತದೆ. ಒಂದು ಕಡೆ 20ಕ್ಕೆ ಏರಬಹುದು, ಇನ್ನೊಂದು ಕಡೆ 3ಕ್ಕೆ ಇಳಿಯಬಹುದು. ಬರೆದ ಅಂಕಿಯ ನೂರಕ್ಕೆ 80 ಭಾಗಕ್ಕಿಂತ ಕೆಳಗೆ ಎಲ್ಲಿಯೂ ಇಳಿಯಬಾರದೆಂದು ಅಂತರರಾಷ್ಟ್ರೀಯ ನಿಯಮವಿದೆ. 8 ಓಮ್ ಎಂದು ಬರೆದರೆ 6.4ಕ್ಕೆ ಕಡಿಮೆಯಾಗಕೂಡದು. ನಿಯಮವನ್ನು ಎಲ್ಲರೂ ಪಾಲಿಸುವುದಿಲ್ಲ. ಆದುದರಿಂದ 'ಎಷ್ಟು ಓಮ್?' ಎಂದು ಕೇಳಿ ಸುಮ್ಮನಾಗದೆ, 'ಅತಿ ಕಡಿಮೆಯೆಂದರೆ ಎಷ್ಟು?' ಎಂದು ಕೇಳಬೇಕು. ಎತ್ತರದ ಸ್ಪೀಕರುಗಳಲ್ಲಿ ಇದು ಇನ್ನೂ ಮುಖ್ಯ. ಅವುಗಳಲ್ಲಿ ಕೋನುಗಳು ಎರಡು ಮೂರು ಇರುತ್ತವೆ. 8 ಓಮಿನ ಎರಡನ್ನು ಸಮಾನಾಂತರವಾಗಿ ಸೇರಿಸಿದರೆ ಆಗುವುದು 16 ಅಲ್ಲ, 4.

ಎರಡನೆಯ ಅಂಕಿ ಡೆಸಿಬೆಲ್ಲಿನದು. ಇಷ್ಟು ವಿದ್ಯುತ್ತು ಕೊಟ್ಟರೆ ಒಂದು ಮೀಟರು ದೂರದಲ್ಲಿ ಎಷ್ಟು ಧ್ವನಿ ಕೇಳುತ್ತದೆ ಎಂಬುದರ ಅಳತೆ ಅದು. ಕೊಡುವುದು 2.83 ವೋಲ್ಟ್, 8 ಓಮಿನಲ್ಲಿ ಅದು ಸರಿಯಾಗಿ 1 ವ್ಯಾಟ್ ಆಗುತ್ತದೆ, 4 ಓಮಿನಲ್ಲಿ 2 ವ್ಯಾಟ್. ನಾನು ತಂದಿದ್ದುದು 84 ಡೆಸಿಬೆಲ್ಲಿನದು. 90ರದಾಗಿದ್ದರೆ ಏನಾಗುತ್ತಿತ್ತು? ಆರೇ ಅಂಕಿಯ ಅಂತರವೆಂದು ತೋರುತ್ತದೆ. ಆದರೆ 3 ಡೆಸಿಬೆಲ್ ಏರಬೇಕಾದರೆ ಶಕ್ತಿ ಎರಡರಷ್ಟಾಗಬೇಕು. 6 ಏರಬೇಕಾದರೆ ನಾಲ್ಕರಷ್ಟು. ಅದರ ಮೇಲೆ 4 ಓಮಿನ ದಂಡ ಬೇರೆ. ಮಿತ್ರರು ಹಳೆಯ ಪಂಚಾಂಗದ ಅಂಚಿನಲ್ಲಿ ಲೆಕ್ಕ ಮಾಡಿ ತೋರಿಸಿದರು: 90 ಡೆಸಿಬೆಲ್, 8 ಓಮಿನ ಸ್ಪೀಕರು ಒಂದು ವ್ಯಾಟಿನಲ್ಲಿ ಮಾಡುವ ಕೆಲಸಕ್ಕೆ ನನ್ನದು ಎಂಟು ವ್ಯಾಟ್ ತಿನ್ನುತ್ತಿತ್ತು! ಸಾಧಾರಣವಾಗಿ ಕೇಳುವಾಗ ಖರ್ಚಾಗುವುದು ಒಂದೆರಡು ವ್ಯಾಟು ಮಾತ್ರ. ಆದರೆ ಮೃದಂಗದ ಒಂದು ಪೆಟ್ಟಿಗೆ ಆ ಕ್ಷಣದಲ್ಲಿ ಅದರ ಹತ್ತರಷ್ಟು, ಇಪ್ಪತ್ತರಷ್ಟು ಬೇಕಾಗಬಹುದು. ಅಷ್ಟನ್ನು ಕೊಡಲಾರದ ಆಂಪ್ಲಿಫೈಯರನ್ನು ಬಲವಂತಪಡಿಸಿದರೆ ಧ್ವನಿಯ ತಲೆ ಕತ್ತರಿಸಿದಂತಾಗಿ ಒರಟಾಗುತ್ತದೆ. ಅದು ಮುಂದುವರಿದರೆ ತಾರದ ಸಣ್ಣ ಸ್ಪೀಕರು ಸುಟ್ಟುಹೋಗುವುದೂ ಉಂಟು. ಸಣ್ಣ ಆಂಪ್ಲಿಫೈಯರಿನಿಂದ ದೊಡ್ಡ ಸ್ಪೀಕರಿಗೆ ಅಪಾಯವಿಲ್ಲವೆಂದು ತಿಳಿದವರು ಇದನ್ನು ಗಮನಿಸಬೇಕು.

ಇಲ್ಲಿ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ಇಂದಿನ ಸ್ಪೀಕರುಗಳ ಮೂಲಪುರುಷನನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ಇಂಜಿನಿಯರುಗಳು 1925ರಲ್ಲಿ ಲೋಕಕ್ಕೆ ತಿಳಿಸಿದರು. ಅಂದಿನ ರೇಡಿಯೋಗಳಿಂದ ಬರುತ್ತಿದ್ದ ಶಕ್ತಿ ಅದಕ್ಕೆ ಸಾಲುತ್ತಿರಲಿಲ್ಲ. ಆದುದರಿಂದ ಅದು ಮಾರುಕಟ್ಟೆಗೆ ಬಂದಾಗ ಒಂದು ವ್ಯಾಟಿನ ಆಂಪ್ಲಿಫೈಯರನ್ನು ಪೆಟ್ಟಿಗೆಯೊಳಗೇ ಇಟ್ಟುಕೊಂಡು ಬಂತು. ಹುಟ್ಟಿದಾಗ ಒಂದೇ ಮನೆಯಲ್ಲಿದ್ದವು. ಬೇರೆಬೇರೆ ಅಂಗಡಿಯಲ್ಲಿ ಮಾರುವ ಪದ್ಧತಿ ಬಂದ ಮೇಲೆ ನನ್ನಂಥವರಿಗೆ ಈ ಗೋಳು.

ಓಮು ಡೆಸಿಬೆಲ್ಲುಗಳಿಂದ 'ಟಕ್' ಎಂಬುದರ ಅರ್ಥವಾಯಿತು. ಅಕ್ಕನ ಬುರುಡೆಯ ಮಾತಿನ ಅರ್ಥವಾಗಲಿಲ್ಲ. ಅದು ಆದುದು ಗೋಡೆಗಳನ್ನು ಅಳೆದಾಗ. ನಮ್ಮ ನಡುಮನೆ 14 ಅಡಿ ಉದ್ದ, 11 ಅಡಿ ಅಗಲ. ಕೆಂಪು ಗಾರೆಯ ನೆಲ, ಬರಿಯ ಗೋಡೆ. ಪ್ರತಿ ಕೋಣೆಗೂ ತನ್ನದೇ ಆದ ಶ್ರುತಿಯಿರುತ್ತದೆ. ಬಾವಿಯೊಳಗೆ ಬಗ್ಗಿ ಕೂಗಿದವರಿಗೆಲ್ಲ ಇದು ಗೊತ್ತು. ಎದುರುಬದುರು ಗೋಡೆಗಳ ನಡುವಣ ಅಂತರದಲ್ಲಿ ಅರ್ಧ ಅಲೆ ಸರಿಯಾಗಿ ಕೂರುವ ಸ್ವರ, ಅದರ ಎರಡರಷ್ಟಿನ ಸ್ವರ, ಮೂರರಷ್ಟಿನ ಸ್ವರ ಇವು ಊದಿಕೊಳ್ಳುತ್ತವೆ. 14 ಅಡಿಗೆ ಅದು ಸುಮಾರು 40. ಅದರ ಎರಡರಷ್ಟು 80. ಅಕ್ಕನ ಮಂದ್ರ ಷಡ್ಜ 82! ಅಂದರೆ ನಮ್ಮ ಮನೆಯ ಗೋಡೆಗಳು ವೀಣೆಯ ಮಂದ್ರ ಷಡ್ಜವನ್ನೇ ಹಿಡಿದು ಗುಂಯ್‌ಗುಡುತ್ತಿದ್ದುವು. ಮೂಲೆಗೆ ತಳ್ಳಿದ ಸ್ಪೀಕರು ಅದನ್ನು ಇನ್ನಷ್ಟು ಎಬ್ಬಿಸುತ್ತದೆ. ಅದರಲ್ಲಿಯೂ ಮಂದ್ರಕ್ಕೆಂದೇ ಮೂರು ಕೋನುಗಳಿದ್ದ ಸ್ಪೀಕರು. ಆ ಗುಂಯ್‌ಕಾರದ ಕೆಳಗೆ ತಂತಿಯ ಮೀಟು ಹೂತುಹೋಗಿತ್ತು. ಇದಾವುದನ್ನೂ ಅರಿಯದ ಅಕ್ಕ ಎರಡು ನಿಮಿಷದಲ್ಲಿ ರೋಗವನ್ನು ಹೇಳಿಬಿಟ್ಟಿದ್ದಳು. ಹಾಗಾದರೆ ಔಷಧವನ್ನೂ ಅವಳೇ ಹೇಳಬೇಕು ಎಂದು ನಿಶ್ಚಯಿಸಿದೆ.

ಮೊದಲನೆಯ ಜೋಡಿಯನ್ನು ಬೆಲೆಯಲ್ಲಿ ಕಾಲುಭಾಗ ಮುರಿದುಕೊಂಡು ಹಿಂದಕ್ಕೆ ತೆಗೆದುಕೊಂಡರು. ಈ ವಿಷಯವನ್ನು ಇಲ್ಲಿಗೇ ಬಿಡುತ್ತೇನೆ. ನನ್ನ ಹೆಂಡತಿ ಇನ್ನೂ ಬಿಟ್ಟಿಲ್ಲ.

ಎರಡನೆಯ ಅಂಗಡಿ ಒಂದು ಮಹಡಿಯ ಮೇಲೆ ವಯಸ್ಸಾದವರೊಬ್ಬರು ನಡೆಸುತ್ತಿದ್ದ ಸಣ್ಣ ಅಂಗಡಿ. "ನನ್ನ ಆಂಪ್ಲಿಫೈಯರನ್ನೇ ತರುತ್ತೇನೆ, ಅದಕ್ಕೇ ಕಟ್ಟಿ ಕೇಳಿಸುತ್ತೀರಾ?" ಎಂದು ಫೋನಿನಲ್ಲಿ ಕೇಳಿದಾಗ, "ಎಲ್ಲರೂ ಹಾಗೆ ಕೇಳಿದ್ದರೆ ನನ್ನ ಅರ್ಧ ಕಷ್ಟ ತಪ್ಪುತ್ತಿತ್ತು" ಎಂದರು. ಆಂಪ್ಲಿಫೈಯರನ್ನು ಹಳೆಯ ಜಮಖಾನೆಯಲ್ಲಿ ಸುತ್ತಿ, ಅಕ್ಕನನ್ನೂ ಕರೆದುಕೊಂಡು, ಬಾಡಿಗೆ ಕಾರಿನಲ್ಲಿ ಹೊರಟೆ. ಅಕ್ಕ ಬರಲೊಪ್ಪಿದುದು ಸ್ಪೀಕರಿಗಾಗಿ ಅಲ್ಲ. ಮಲ್ಲೇಶ್ವರದಲ್ಲಿ ಅವಳ ಶಿಷ್ಯೆಯ ಮನೆಯಿತ್ತು. ಮಹಡಿಯ ಮೆಟ್ಟಿಲನ್ನು ಅವಳು ಒಂದೊಂದಾಗಿ ಹತ್ತಿದಾಗ ನನಗೆ ನಾಚಿಕೆಯಾಯಿತು.

ಅಂಗಡಿಯ ಹುಡುಗನೊಬ್ಬ ಒಂದು ಸ್ಪೀಕರನ್ನು ತೋರಿಸಿ, ಇದರ ತಾರ 30,000 ಕಂಪನದವರೆಗೂ ಹೋಗುತ್ತದೆ ಎಂದು ಹೊಗಳಿದ. ಮನುಷ್ಯನ ಕಿವಿಗೆ ಎಳೆಯ ವಯಸ್ಸಿನಲ್ಲಿಯೇ 20,000ಕ್ಕೆ ಮೇಲೆ ಕೇಳಿಸದು. ಎಪ್ಪತ್ತು ದಾಟಿದ ಬಹಳ ಮಂದಿಗೆ 10,000 ಕೂಡ ದೂರದ ಮಾತು. ಅಕ್ಕ ಅವನನ್ನು ನೋಡಿ, "ಅದು ನಾಯಿಗೆ ಇಟ್ಟುಕೊಳ್ಳಪ್ಪ, ನನಗೆ ಗಾಂಧಾರ ಕೇಳಿದರೆ ಸಾಕು" ಎಂದಳು. ಅಂಗಡಿಯ ಯಜಮಾನರು ನಕ್ಕು, ಕುರ್ಚಿಯನ್ನು ಎಳೆದು ಕೂರಿಸಿ, ವಿ. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯ ಧ್ವನಿಮುದ್ರಣವೊಂದನ್ನು ಹಾಕಿದರು.

ಮೂರು ಜೋಡಿಗಳನ್ನು ಕೇಳಿಸಿದರು. ಅಕ್ಕ ಪರೀಕ್ಷೆ ಮಾಡಿದ ಕ್ರಮವನ್ನು ಹೇಳಬೇಕು, ಏಕೆಂದರೆ ಯಾವ ಪುಸ್ತಕದಲ್ಲಿಯೂ ನಾನು ಅದನ್ನು ಕಂಡಿಲ್ಲ. ವೀಣೆಯಲ್ಲಿ ಒಂದು ಸಲ ಮೀಟಿ, ಮೆಟ್ಟಿಲ ಮೇಲೆ ತಂತಿಯನ್ನು ಎಳೆದು, ಆ ಒಂದೇ ನಾದದಲ್ಲಿ ಮೂರು ನಾಲ್ಕು ಸ್ವರಗಳನ್ನು ತೆಗೆಯುತ್ತಾರೆ. ಮೀಟಿದ ಕ್ಷಣದಲ್ಲಿ ಧ್ವನಿ ದೊಡ್ಡದು. ಕೊನೆಯ ಸ್ವರದ ಹೊತ್ತಿಗೆ ಅದು ಉಸಿರಿನಷ್ಟಾಗಿರುತ್ತದೆ. ಅಕ್ಕ ಕಣ್ಣು ಮುಚ್ಚಿ, ಎಡಗೈಯ ಬಾತ ಬೆರಳುಗಳನ್ನು ಸೆರಗಿನ ಅಂಚಿನ ಮೇಲೆ ಎಳೆಯುತ್ತಿದ್ದಳು. ಮೊದಲನೆಯ ಜೋಡಿಯಲ್ಲಿ ಬೆರಳು ಎರಡು ಸ್ವರಕ್ಕೆ ನಿಂತಿತು. "ಬಾಲ ಇಲ್ಲ" ಎಂದಳು. ಎರಡನೆಯದು ಬಲು ಚುರುಕಾಗಿ, ಉಗುರು ತಂತಿಗೆ ತಾಕುವುದೂ ಕಿಡಿಯಂತೆ ಕೇಳುವ ಹಾಗಿತ್ತು; ನನಗೆ ಬಹಳ ಹಿಡಿಸಿತು. ಅಕ್ಕ ಐದು ನಿಮಿಷ ಕೇಳಿ, "ಪಿನ್ನು ಚುಚ್ಚಿದ ಹಾಗಿದೆ, ದಿನಾ ಕೇಳುವುದಕ್ಕಾಗದು" ಎಂದಳು. ಮೂರನೆಯದರಲ್ಲಿ ಬೆರಳು ಕೊನೆಯ ಸ್ವರದವರೆಗೂ ಎಳೆದುಕೊಂಡುಹೋಯಿತು. ಅವಳು ಏನೂ ಹೇಳಲಿಲ್ಲ. ಮುಂದಿನ ಕೃತಿ ತಾನಾಗಿ ಆರಂಭವಾಯಿತು. ಆಗಲೂ ಏನೂ ಹೇಳಲಿಲ್ಲ.

ಯಜಮಾನರು ಬರೆದುಕೊಟ್ಟ ಜಾತಕ ಹೀಗಿತ್ತು: 8 ಓಮ್, ಅತಿ ಕಡಿಮೆಯೆಂದರೆ ಆರೂವರೆ, 90 ಡೆಸಿಬೆಲ್, ಆರೂವರೆ ಅಂಗುಲದ ಕೋನು ಒಂದೇ ಒಂದು. "ಇದಕ್ಕಿಂತ ದೊಡ್ಡದನ್ನು ಮಾರಿದರೆ ನನಗೇನೋ ಲಾಭವೇ. ನಿಮ್ಮ 14 ಅಡಿಯ ಕೋಣೆಗೆ ಅದು ಬೇಡ" ಎಂದರು. ಆಂಪ್ಲಿಫೈಯರನ್ನು ಮುಟ್ಟಿ ನೋಡಿದೆ. ಎರಡು ಗಂಟೆ ಹಾಡಿದ ಮೇಲೆಯೂ ಸುಮ್ಮನೆ ಬೆಚ್ಚಗಿತ್ತು, ಅಷ್ಟೆ. ಹೊರಡುವಾಗ ಹುಡುಗ ಬೆಳ್ಳಿಯ ಲೇಪದ ತಂತಿಯೊಂದನ್ನು ತೋರಿಸಿ, ಸ್ಪೀಕರಿನ ಬೆಲೆಯ ಮೂರನೆಯ ಒಂದು ಭಾಗ ಹೇಳಿದ. ಹತ್ತು ಅಡಿ ದೂರಕ್ಕೆ ಮನೆಯ ವೈರಿಂಗಿಗೆ ಹಾಕುವ ಎರಡೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿ ಧಾರಾಳವಾಗಿ ಸಾಕೆಂದು ನೆರೆಯ ಮಿತ್ರರು ಮೊದಲೇ ಎಚ್ಚರಿಸಿದ್ದರು. ಅದನ್ನೇ ಹಾಕಿದ್ದೇನೆ.

ಮನೆಗೆ ಬಂದ ಮೇಲೆ ಪೆಟ್ಟಿಗೆಗಳು ಮೂಲೆಯನ್ನು ಬಿಟ್ಟು ಗೋಡೆಯಿಂದ ಎರಡೂವರೆ ಅಡಿ ಮುಂದೆ ಬಂದುವು. ಅವೆರಡರ ನಡುವಣ ದೂರವೂ ಒಂದೊಂದರಿಂದ ಅಕ್ಕನ ಕುರ್ಚಿಗಿರುವ ದೂರವೂ ಹೆಚ್ಚುಕಡಿಮೆ ಸಮ; ನೆಲಕ್ಕೆ ಜಮಖಾನೆ ಬಂತು; ಬರಿಯ ಗೋಡೆಗೆ ನನ್ನ ಪುಸ್ತಕದ ಬೀರು. ಕುರ್ಚಿಯನ್ನು ಒಂದು ಅಡಿ ಹಿಂದಕ್ಕೂ ಮುಂದಕ್ಕೂ ಸರಿಸುತ್ತ ಷಡ್ಜದ ಗುಂಯ್‌ಕಾರ ಅಡಗುವ ಜಾಗವನ್ನು ಹುಡುಕುವುದರಲ್ಲಿ ಒಂದು ಭಾನುವಾರ ಕಳೆಯಿತು. ಕಸ ಗುಡಿಸುವವರಿಗೆ ತೊಂದರೆಯಾಗಿದೆ. ಮಾಳಿಗೆ ಈ ಆಷಾಢದಲ್ಲಿಯೂ ಸೋರಿತು. ಎಡಗಡೆಯ ಪೆಟ್ಟಿಗೆಯಿಂದ ಮೂರಡಿ ದೂರದಲ್ಲಿ ಬಕೆಟ್ ಇಟ್ಟಿದ್ದೆವು.

ಒಂದು ತಿಂಗಳು ಅಕ್ಕ ಬೆಳಗ್ಗೆ ಸಾಯಂಕಾಲ ಯಾರುಯಾರದೋ ವೀಣೆ ಕೇಳಿದಳು, ಮೆಚ್ಚಿದಳು, ಬೈದಳು. ಆಮೇಲೆ ಒಂದು ದಿನ ಟ್ರಂಕಿನ ತಳದಿಂದ ಒಂದು ಕ್ಯಾಸೆಟ್ಟನ್ನು ತೆಗೆದು ನನ್ನ ಕೈಗೆ ಕೊಟ್ಟಳು. 1983ರ ನವರಾತ್ರಿಯಲ್ಲಿ ಮನೆಯಲ್ಲಿ ಅವಳು ನುಡಿಸಿದುದನ್ನು ಭಾವನವರು ಟೇಪ್ ರೆಕಾರ್ಡರಿನಲ್ಲಿ ಹಿಡಿದದ್ದು. ಇಷ್ಟು ವರ್ಷ ಅವಳು ಅದನ್ನು ಕೇಳಿರಲಿಲ್ಲವಂತೆ. ಶಿಷ್ಯೆಯ ಮಗ ಅದನ್ನು ಕಂಪ್ಯೂಟರಿಗೆ ಏರಿಸಿ ಕಳುಹಿಸಿದ.

ಅದು ಸ್ಟೀರಿಯೊ ಅಲ್ಲ, ಒಂದೇ ಮೈಕಿನದು. ಅಂಥದನ್ನು ಹಾಕಿದಾಗ ಎರಡು ಪೆಟ್ಟಿಗೆಗಳಿಂದಲೂ ಒಂದೇ ನಾದ ಹೊರಟು, ಅವೆರಡರ ನಡುವೆ, ಏನೂ ಇಲ್ಲದ ಜಾಗದಿಂದ ಬಂದ ಹಾಗೆ ಕೇಳುತ್ತದೆ. ಟೇಪಿನ ಸುಯ್ಲು ಮೊದಲು ಬಂತು, ಆಮೇಲೆ ಶ್ರುತಿ ನೋಡುವ ಮೀಟುಗಳು, ಆಮೇಲೆ ತೋಡಿ. ಅಕ್ಕ ಆ ಖಾಲಿ ಜಾಗವನ್ನೇ ನೋಡುತ್ತ ಕುಳಿತಳು. "ಇಲ್ಲಿ ಗಾಂಧಾರ ಸ್ವಲ್ಪ ತಗ್ಗಿತು" ಎಂದಳೊಮ್ಮೆ. ಕೃತಿ ಆರಂಭವಾದ ಮೇಲೆ ವೀಣೆಯ ಕೆಳಗೆ ಇನ್ನೊಂದು ಮೆತ್ತಗಿನ ಸದ್ದು, ದಪ್ಪಗೆ, ಒಂದೇ ಸಮನೆ, ಕೇಳತೊಡಗಿತು. ಪೆಟ್ಟಿಗೆ ಕೆಟ್ಟಿತೇನೋ ಎಂದು ನಾನು ಎದ್ದೆ. ಅಕ್ಕ ಕೈ ತೋರಿಸಿ ಕೂರಿಸಿದಳು. ಅದು ಮೈಕಿನ ಪಕ್ಕದಲ್ಲಿ ಕುಳಿತವರು ತೊಡೆಯ ಮೇಲೆ ತಾಳ ಹಾಕುತ್ತಿದ್ದ ಸದ್ದು.

"ನಿಮ್ಮ ಭಾವ ನೋಡೋ," ಎಂದಳು, "ಯಾವಾಗಲೂ ಹೀಗೇ. ಚರಣಕ್ಕೆ ಬರುವ ಹೊತ್ತಿಗೆ ತಾಳ ಓಡಿಸಿಬಿಡುತ್ತಾರೆ."

ಕೃತಿ ಮುಗಿಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊದಲಿನಿಂದ ಹಾಕು ಎಂದಳು. ಇನ್ನೂ ಒಂದಿಷ್ಟು ಜೋರಾಗಿ ಎಂದಳು.